ಬೆಂಗಳೂರು–ಮಂಗಳೂರು ವಿಮಾನ: ಟಿಕೆಟ್ಟಿನ ಸಮಯ ಮತ್ತು ಮನೆಯಿಂದ ಮನೆಗೆ ಹಿಡಿಯುವ ಸಮಯ

ಬೆಂಗಳೂರಿನಿಂದ ಮಂಗಳೂರಿಗೆ ರಸ್ತೆಯಲ್ಲಿ ಸುಮಾರು 350 ಕಿಲೋಮೀಟರ್ ದೂರವಿದ್ದರೆ, ಆಕಾಶಮಾರ್ಗದಲ್ಲಿ ಅದು 300 ಕಿಲೋಮೀಟರ್ ಆಸುಪಾಸಿಗೆ ಇಳಿಯುತ್ತದೆ. ಟಿಕೆಟ್ಟಿನಲ್ಲಿ ನಮೂದಾಗಿರುವ ಒಂದು ಗಂಟೆಗಿಂತ ತುಸು ಹೆಚ್ಚಿನ ಅವಧಿಯಲ್ಲಿ ರನ್‌ವೇವರೆಗೆ ಸಾಗುವ ಮತ್ತು ಸರದಿಗೆ ಕಾಯುವ ಹೊತ್ತೂ ಸೇರಿರುವುದರಿಂದ, ಜೆಟ್ ವಿಮಾನ ನಿಜವಾಗಿ ಗಾಳಿಯಲ್ಲಿರುವುದು ಹೆಚ್ಚುಕಡಿಮೆ ಮುಕ್ಕಾಲು ಗಂಟೆ.

ಆದರೆ ಈ ಅಂಕಿಯೊಂದನ್ನೇ ನಂಬಿ ದಿನದ ಕಾರ್ಯಕ್ರಮ ಹಾಕಿಕೊಳ್ಳುವುದು ಜಾಣತನವಲ್ಲ. ಕೆಂಗೇರಿಯ ಕಡೆಯಿಂದ ಸಂಜೆ ಹೊರಟವರು ಹೆಬ್ಬಾಳ ದಾಟಿ ದೇವನಹಳ್ಳಿಯ ನಿಲ್ದಾಣ ಸೇರಲು ಎರಡು ಗಂಟೆ ಹಿಡಿದರೂ ಆಶ್ಚರ್ಯವಿಲ್ಲ. ಅದಕ್ಕೆ ತಪಾಸಣೆಯ ಹೊತ್ತನ್ನೂ, ಮಂಗಳೂರಿನ ವಿಮಾನ ನಿಲ್ದಾಣವಿರುವ ಬಜಪೆಯಿಂದ ಪೇಟೆಗೆ ಇಳಿಯುವ ದಾರಿಯನ್ನೂ ಕೂಡಿಸಿದರೆ ಐದು ಗಂಟೆ ಸಲೀಸಾಗಿ ಕಳೆದುಹೋಗುತ್ತದೆ. ರಾತ್ರಿ ಬಸ್ಸು ಏಳೆಂಟು ಗಂಟೆ ತೆಗೆದುಕೊಂಡರೂ ಅದು ನಿದ್ದೆಯ ಹೊತ್ತು ಎಂಬುದನ್ನು ಮರೆಯಬಾರದು.

ಸಣ್ಣ ಪ್ರೊಪೆಲ್ಲರ್ ವಿಮಾನ ಸಿಕ್ಕರೆ ತಲೆಯ ಮೇಲಿನ ಗೂಡಿನಲ್ಲಿ ಚಕ್ರದ ಪೆಟ್ಟಿಗೆ ಹಿಡಿಸುವುದು ಕಷ್ಟ, ಘಟ್ಟದ ಮೋಡಗಳಲ್ಲಿ ಕುಲುಕಾಟವೂ ತುಸು ಜಾಸ್ತಿ. ಅಷ್ಟಾದರೂ ಕಿಟಕಿಯ ಸೀಟಿಗೆ ಬೆಲೆಯಿದೆ: ಹಸಿರು ಕಣಿವೆಗಳ ನಡುವೆ ಗುಡ್ಡದ ನೆತ್ತಿಯನ್ನು ಸಮತಟ್ಟು ಮಾಡಿದಂತಿರುವ ಬಜಪೆಯ ರನ್‌ವೇ ಹಠಾತ್ತನೆ ಎದುರಾಗುತ್ತದೆ.

ಮಳೆಗಾಲದಲ್ಲಿ ಶಿರಾಡಿ ಘಾಟಿಯಲ್ಲಿ ಗುಡ್ಡ ಕುಸಿದು ರಸ್ತೆ ಮುಚ್ಚಿದಾಗ ವಿಮಾನವೇ ಸೂಕ್ತ, ಆದರೆ ಅದೇ ಮಳೆ ಬಜಪೆಯಲ್ಲಿ ಇಳಿಯುವುದನ್ನೂ ತಡಮಾಡಬಲ್ಲದು. ಬೆಂಗಳೂರಿನ ಉತ್ತರ ಭಾಗದಲ್ಲಿರುವವರಿಗೆ ಈ ಸೇವೆಯನ್ನು ನಿಸ್ಸಂಕೋಚವಾಗಿ ಸೂಚಿಸುತ್ತೇನೆ. ದಕ್ಷಿಣದವರಿಗೆ, ತುರ್ತಿಲ್ಲದಿದ್ದರೆ, ಸ್ಲೀಪರ್ ಬಸ್ಸೇ ಮೇಲು.