ಎಡಗಡೆಯ ಕೋಲ್ಟ್ರೇನ್ ಎಲ್ಲಿ ಹೋದ?

ಇದೇ ಇಯರ್‌ಫೋನಿಗೆ ಹೋದ ಮಳೆಗಾಲದಲ್ಲಿ ಒಂದೇ ಒಂದು ಸ್ಟಾರ್ ಕೊಟ್ಟು, ಬಾಯಿಗೆ ಬಂದಂತೆ ಬರೆದಿದ್ದೆ. ಅದನ್ನು ಅಳಿಸಿ ಇದನ್ನು ಬರೆಯುತ್ತಿದ್ದೇನೆ. ಒಳಗಿನ ಪುಟ್ಟ ಸ್ಪೀಕರು, ಅಂದರೆ ಡ್ರೈವರ್, ಎಷ್ಟು ಮಿಲಿಮೀಟರು, ಇಂಪೀಡೆನ್ಸ್ ಎಷ್ಟು ಓಮು ಎಂಬುದನ್ನೆಲ್ಲ ನೀವು ನೋಡಿಕೊಂಡೇ ಬಂದಿರುತ್ತೀರಿ, ಬಿಡಿ. ನನ್ನ ಲೆಕ್ಕ ಇಷ್ಟೇ: 1,650 ರೂಪಾಯಿ, ವೈರಿನದು, ಮೈಕ್ ಇಲ್ಲ, ಕೊಂಡು 14 ತಿಂಗಳಾಯಿತು.

ಮನೆ ಚಿತ್ರದುರ್ಗದಲ್ಲಿ, ಕೆಲಸ ದಾವಣಗೆರೆಯಲ್ಲಿ. ದಿನಾ ಕೆಂಪು ಬಸ್ಸು. ಹೋಗೋಕೆ ಒಂದೂಕಾಲು ಗಂಟೆ, ಬರೋಕೆ ಒಂದೂಕಾಲು ಗಂಟೆ. ನಾನು ಸಂಗೀತ ಕೇಳುವುದೆಲ್ಲ ಅಷ್ಟರಲ್ಲೇ. ಮನೆಯಲ್ಲಿ ಟಿವಿ ಸೀರಿಯಲ್ಲಿನ ಅತ್ತೆ ಸೊಸೆ ಜಗಳದ ನಡುವೆ ಯಾವ ರಾಗ ಕೇಳುತ್ತೀರಿ?

ಬಸ್ಸಿನಲ್ಲಿ ನನ್ನದೊಂದು ಕ್ರಮ ಇದೆ. ಎಡಸಾಲು, ಕಿಟಕಿ ಪಕ್ಕ, ಚಕ್ರದ ಮೇಲಿನ ಸೀಟು ಮಾತ್ರ ಬೇಡ. ಟಿಕೆಟ್ ಹಿಂದೆ ಕಂಡಕ್ಟರ್ ಬರೆದುಕೊಟ್ಟ ಚಿಲ್ಲರೆ ಕೈಗೆ ಬರುವವರೆಗೂ ಕಿವಿ ಖಾಲಿಯೇ ಇರಬೇಕು. ಈ ಪಾಠಕ್ಕೆ ಒಂದು ಸಲ 40 ರೂಪಾಯಿ ಫೀಸು ಕಟ್ಟಿದ್ದೇನೆ. ಆಮೇಲೆ ಅಪ್ಪನ ಹಳೇ ಎಲೆಅಡಿಕೆ ಡಬ್ಬಿ ತೆಗೆಯುತ್ತೇನೆ. ಇಯರ್‌ಫೋನ್ ಮಲಗುವುದು ಅದರಲ್ಲೇ. ಅದರ ಮೂತಿಗೆ ಹಾಕುವ ಸ್ಪಂಜಿನಂಥ ಫೋಮ್ ಟಿಪ್ಪನ್ನು ಬೆರಳಲ್ಲಿ ಬತ್ತಿ ಹೊಸೆದ ಹಾಗೆ ಹೊಸೆದು, ತಲೆಯ ಮೇಲಿಂದ ಬಲಗೈ ತಂದು ಎಡಗಿವಿಯ ತುದಿ ಮೇಲಕ್ಕೆಳೆದು, ಒಳಗೆ ಇಟ್ಟು ಅರ್ಧ ನಿಮಿಷ ಸುಮ್ಮನೆ ಕೂರಬೇಕು. ಫೋಮ್ ಮೆಲ್ಲಗೆ ಉಬ್ಬುತ್ತದೆ. ಎಂಜಿನ್ ಸದ್ದು ಪಕ್ಕದ ಓಣಿಗೆ ಹೋಗುತ್ತದೆ, ಆಮೇಲೆ ಅದರಾಚೆ ಓಣಿಗೆ. ಈ ಅರ್ಧ ನಿಮಿಷಕ್ಕೇ ದುಡ್ಡು ಕೊಡಬಹುದು ಅನ್ನಿಸುತ್ತದೆ.

ಕೊಡಲೂ ಬೇಕು, ಏಕೆಂದರೆ ಕಂಪನಿಯವರು ಕೊಟ್ಟ ಸಿಲಿಕಾನ್ ಟಿಪ್ಪು ಬಸ್ಸಿಗೆ ಆಗಿಬರುವುದಿಲ್ಲ. ಬೇರೆ ಫೋಮ್ ತರಿಸಿದೆ, ಮೂರು ಜೊತೆಗೆ 300 ರೂಪಾಯಿ, ಒಂದು ಜೊತೆ ನಾಲ್ಕು ತಿಂಗಳು ತಡೆಯುತ್ತದೆ. ಸಿನಿಮಾ ಹಾಡಿನ ಸದ್ದು ಮೊದಲಿಂದ ಕೊನೆತನಕ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿ ಇರುತ್ತದೆ, ಯಾವ ಇಯರ್‌ಫೋನಿಗೂ ನಡೆಯುತ್ತದೆ. ಆಲಾಪ, ಸಿಂಫನಿ ಹಾಗಲ್ಲ. ಪಿಸುಮಾತು ಬಸ್ಸಿನ ಸದ್ದಿನಲ್ಲಿ ಮುಳುಗಿತೆಂದು ವಾಲ್ಯೂಮ್ ಏರಿಸಿದಿರೋ, ಅಷ್ಟರಲ್ಲಿ ಇಡೀ ಆರ್ಕೆಸ್ಟ್ರಾ ಒಟ್ಟಿಗೆ ಎದ್ದು ಕಪಾಳಕ್ಕೆ ಬಾರಿಸುತ್ತದೆ. ಹೊರಗಿನ ಸದ್ದು ತಡೆದರೆ ಮಾತ್ರ ವಾಲ್ಯೂಮ್ ಕೆಳಗೇ ಇಟ್ಟು ಎರಡನ್ನೂ ಕೇಳಬಹುದು.

ಇದಕ್ಕೂ ಮುಂಚೆ ನನ್ನ ಹತ್ತಿರ ಇದ್ದದ್ದು ಕುತ್ತಿಗೆಗೆ ಹಾಕುವ ಬ್ಲೂಟೂತ್. ಎರಡು ವರ್ಷದಲ್ಲಿ ಮೂರು ಸತ್ತವು. ಮೂರರಲ್ಲೂ ಬಾಸ್ ಎಷ್ಟೆಂದರೆ ತಬಲದ ಡಗ್ಗಾ ಡೊಳ್ಳಾಗಿಬಿಡುತ್ತಿತ್ತು. ತಂಬೂರಿ ಇದೆಯೆಂದು ನಾವೇ ನಂಬಿಕೊಳ್ಳಬೇಕಿತ್ತು.

ಇದರಲ್ಲಿ ಮೊದಲ ದಿನ ಮಲ್ಲಿಕಾರ್ಜುನ ಮನ್ಸೂರರನ್ನು ಹಾಕಿದೆ. ಅಪ್ಪ ಧಾರವಾಡ ಆಕಾಶವಾಣಿಯಲ್ಲಿ ಕೇಳುತ್ತಿದ್ದ ದನಿ, ನನಗೆ ಗೊತ್ತಿರುವ ದನಿ. ಆದರೆ ಅವರ ಹಿಂದೆ ತಂಬೂರಿ ಇಷ್ಟು ದೊಡ್ಡದಾಗಿ ಇತ್ತು ಅಂತ ನನಗೆ ಗೊತ್ತೇ ಇರಲಿಲ್ಲ. ತಂಬೂರಿ ತಂತಿಯ ಝೇಂಕಾರ, ಸಂಗೀತದವರು ಜವಾರಿ ಅನ್ನುತ್ತಾರಲ್ಲ, ಅದರ ಎಳೆ ಎಳೆ ಬಿಚ್ಚಿ ಕೇಳಿತು: ಒಂದು ತಂತಿ ಇನ್ನೂ ಆರುತ್ತಿರುವಾಗಲೇ ಅದರ ಮೈಮೇಲೆ ಇನ್ನೊಂದು ಬಂದು ಕೂರುವುದು. ಭರಮಸಾಗರ ಬಂದದ್ದೇ ತಿಳಿಯಲಿಲ್ಲ. ಅವತ್ತು ಅಪ್ಪ ಇರಬೇಕಿತ್ತು.

ಇನ್ನೊಂದು ದಿನ ಪಿಯಾನೋ ವಾದಕ ಗ್ಲೆನ್ ಗೌಲ್ಡ್ ನುಡಿಸಿದ ಬಾಖ್ ಸಂಗೀತ ಕೇಳುತ್ತಿದ್ದೆ. ಪಿಯಾನೋ ಜೊತೆಗೇ ಯಾರೋ ಸಣ್ಣಗೆ ಗುನುಗುತ್ತಿದ್ದಾರೆ. ಪಕ್ಕದಲ್ಲಿ ಆನಗೋಡಿನ ಅಜ್ಜ. ಸಿಟ್ಟಿನಿಂದ ತಿರುಗಿ ನೋಡಿದರೆ ಅವನು ಬಾಯಿ ತೆರೆದು ಗಾಢ ನಿದ್ದೆಯಲ್ಲಿದ್ದಾನೆ! ಗುನುಗುತ್ತಿದ್ದದ್ದು ಗೌಲ್ಡ್. ನುಡಿಸುವಾಗ ಗುನುಗದೇ ಇರಲು ಅವರಿಗೆ ಆಗುತ್ತಲೇ ಇರಲಿಲ್ಲವಂತೆ. ಹತ್ತು ವರ್ಷ ಕೇಳಿದ ರೆಕಾರ್ಡಿಂಗಿನಲ್ಲಿ ಇನ್ನೊಬ್ಬ ಮನುಷ್ಯ ಕೂತಿದ್ದು ನನಗೆ ಗೊತ್ತಾಗಿದ್ದು ಅವತ್ತೇ.

ತಕರಾರುಗಳೂ ಇವೆ. ವೈರ್ ಕಾಲರಿಗೆ ತಾಗಿದರೆ ಕಿವಿಯೊಳಗೆ ಗುಡುಗು. ಕಿವಿಯ ಮೇಲಿಂದ ಬಳಸಿ ಹಾಕಿ, ಎದೆಯ ಹತ್ತಿರ ಬಟ್ಟೆ ಕ್ಲಿಪ್ಪು ಸಿಕ್ಕಿಸಿದರೆ ಸುಮಾರು ಕಡಿಮೆ. ನಡೆಯುತ್ತಾ ಕೇಳುವವರಿಗಂತೂ ಬೇಡವೇ ಬೇಡ. ನಮ್ಮದು ಗುಡ್ಡದ ತುಂಬ ಗಾಳಿಯಂತ್ರ ನೆಟ್ಟ ಊರು. ಕೋಟೆ ಹತ್ತುವಾಗ ಹಾಕಿ ನೋಡಿದೆ, ಗಾಳಿ ವೈರಿಗೆ ಬಡಿದು ಸ್ಯಾಕ್ಸೊಫೋನನ್ನು ಹಾರಿಸಿಕೊಂಡೇ ಹೋಯಿತು. ನನ್ನ ಫೋನಿಗೆ 3.5 ಎಂಎಂ ತೂತಿಲ್ಲ, ಹಾಗಾಗಿ ಟೈಪ್ ಸಿ ಅಡಾಪ್ಟರ್ ಬೇಕಾಯಿತು. 150 ರೂಪಾಯಿಯದು ಮೌನದಲ್ಲೆಲ್ಲ ಸುಯ್ ಅನ್ನುತ್ತಿತ್ತು, 700ರದು ಸುಮ್ಮನಿದೆ. ಅದನ್ನೂ ಬಜೆಟ್ಟಿಗೆ ಸೇರಿಸಿಕೊಳ್ಳಿ.

ಈಗ ಒಂದು ಸ್ಟಾರಿನ ವಿಷಯ.

ಜಾಝ್ ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್ 1959ರಲ್ಲಿ ಮಾಡಿದ 'ಕೈಂಡ್ ಆಫ್ ಬ್ಲೂ' ಎಂಬ ಪ್ರಸಿದ್ಧ ರೆಕಾರ್ಡಿಂಗ್ ಸಂಜೆ ಬಸ್ಸಿನ ಕಾಯಂ ಗಿರಾಕಿ. ನ್ಯೂಯಾರ್ಕಿನಲ್ಲಿ ಚರ್ಚೊಂದನ್ನು ಸ್ಟುಡಿಯೋ ಮಾಡಿಕೊಂಡಿದ್ದರು, ಅಲ್ಲಿ ನುಡಿಸಿದ್ದು. ಗೌಲ್ಡರ ಬಾಖ್ ರೆಕಾರ್ಡಿಂಗುಗಳಲ್ಲೂ ಹಲವು ಅದೇ ಕಟ್ಟಡದವು. ಮೈಲ್ಸ್ ರೆಕಾರ್ಡಿಂಗ್ ಸ್ಟೀರಿಯೋ, ಎಡ ಬಲ ಕಿವಿಗೆ ಬೇರೆ ಬೇರೆ ಸದ್ದು: ಮೈಲ್ಸ್ ನಡುವೆ, ಸ್ಯಾಕ್ಸೊಫೋನಿನ ಇಬ್ಬರಲ್ಲಿ ಜಾನ್ ಕೋಲ್ಟ್ರೇನ್ ಎಡಕ್ಕೆ, ಕ್ಯಾನನ್‌ಬಾಲ್ ಆ್ಯಡರ್ಲಿ ಬಲಕ್ಕೆ. ಕೊಂಡ ಎಂಟನೇ ತಿಂಗಳಲ್ಲಿ ಒಂದು ಸೋಮವಾರ ಕೋಲ್ಟ್ರೇನ್ ಯಾಕೋ ಹಿಂದಿನ ಸೀಟಿಗೆ ಹೋಗಿ ಕೂತ ಹಾಗಿತ್ತು. ಎರಡು ವಾರದಲ್ಲಿ ಬಸ್ಸೇ ಇಳಿದುಬಿಟ್ಟ. ಮನ್ಸೂರರ ಹಳೇ ಮೋನೋ ರೆಕಾರ್ಡಿಂಗ್, ಅಂದರೆ ಎರಡೂ ಕಿವಿಗೆ ಒಂದೇ ಸದ್ದು ಬರುವಂಥದ್ದು, ಹಾಕಿದೆ, ತಲೆಯ ನಟ್ಟನಡುವೆ ಇರಬೇಕಾದ ದನಿ ಬಲಗಿವಿಗೆ ಜರುಗಿತ್ತು. ವಯಸ್ಸು ಐವತ್ತಾಯಿತಲ್ಲ, ಕಿವಿಯೇ ಹೋಯಿತೆಂದು ಎದೆ ಧಸಕ್ಕೆಂದಿತು. ಎಡದ್ದನ್ನು ಬಲಕ್ಕೆ, ಬಲದ್ದನ್ನು ಎಡಕ್ಕೆ ಹಾಕಿ ನೋಡಿದೆ. ದನಿ ಎಡಕ್ಕೆ ಓಡಿತು. ಸದ್ಯ, ಕೆಟ್ಟದ್ದು ಕಿವಿ ಅಲ್ಲ, ಮಾಲು.

ವಾರಂಟಿ ಒಂದು ವರ್ಷ ಇತ್ತು. ಡಬ್ಬ ಬಿಚ್ಚುವಾಗಿನ ವಿಡಿಯೋ ಕಳಿಸಿ ಅಂದರು. ಎಂಟು ತಿಂಗಳ ಹಿಂದೆ ಡಬ್ಬ ಬಿಚ್ಚಿದ್ದನ್ನು ಯಾರು ವಿಡಿಯೋ ಮಾಡಿಟ್ಟಿರುತ್ತಾರೆ ಸ್ವಾಮಿ? ನಾಲ್ಕು ಮೇಲ್ ಬರೆದೆ, ನಾಲ್ಕಕ್ಕೂ ಒಂದೇ ಉತ್ತರ, ಅಲ್ಪವಿರಾಮ ಕೂಡ ಬದಲಾಗಿರಲಿಲ್ಲ. ಆ ಸಿಟ್ಟಿನಲ್ಲಿ ಕೊಟ್ಟದ್ದು ಒಂದು ಸ್ಟಾರ್. ಅವರ ಸರ್ವೀಸಿಗೆ ಇವತ್ತೂ ಅಷ್ಟೇ ಕೊಡುತ್ತೇನೆ.

ತಿಂಗಳಾದ ಮೇಲೆ ದಾವಣಗೆರೆ ಬಸ್ ಸ್ಟ್ಯಾಂಡ್ ಹತ್ತಿರ ಮೊಬೈಲ್ ರಿಪೇರಿ ಹುಡುಗನಿಗೆ ತೋರಿಸಿದೆ. ಕಣ್ಣಿಗೆ ಭೂತಗನ್ನಡಿ ಏರಿಸಿಕೊಂಡು ಎಡದ್ದರ ಮೂತಿ ನೋಡಿ ನಕ್ಕ. 'ಸಾರ್, ಇದರಾಗೆ ಒಗ್ಗರಣೆ ಹಾಕಬಹುದು.'

ನನಗೆ ಎಡಗಿವಿ ಆಗಾಗ ಕಡಿಯುತ್ತದೆ. ಭಾನುವಾರ ತಲೆಗೆ ಎಣ್ಣೆ ಒತ್ತುವಾಗ ಅಮ್ಮ ಎಡಗಿವಿಗೆ ಎರಡು ತೊಟ್ಟು ಬೆಚ್ಚಗಿನ ಕೊಬ್ಬರಿ ಎಣ್ಣೆ ಬಿಡುತ್ತಾಳೆ. (ಡಾಕ್ಟರು ಕೇಳಿದರೆ ಬೈಯುತ್ತಾರೆ, ಆದರೆ ಅಮ್ಮನಿಗೆ ಹೇಳುವವರು ಯಾರು?) ಸೋಮವಾರ ಬೆಳಿಗ್ಗೆ ಅದೇ ಕಿವಿಗೆ ಇಯರ್‌ಫೋನ್. ಮೂತಿಯಲ್ಲಿ ಕೂದಲಿಗಿಂತ ಸಣ್ಣ ಕಣ್ಣಿನ ಜಾಳಿಗೆ ಇದೆ, ಎಣ್ಣೆ ಮತ್ತು ಗುಗ್ಗೆ ಸೇರಿ ಅದನ್ನು ಮೇಣ ಮೆತ್ತಿದಂತೆ ಮುಚ್ಚಿದ್ದವು. ಹುಡುಗ ಮೂತಿ ಕೆಳಗೆ ಮಾಡಿ ಹಿಡಿದು, ಕೊಳೆ ಒಳಗೆ ಬೀಳದ ಹಾಗೆ, ಮೆತ್ತನೆ ಬ್ರಷ್ಷಿನಲ್ಲಿ ಉಜ್ಜಿ ಟಿಶ್ಯೂಗೆ ಒತ್ತಿ ಒತ್ತಿ ತೆಗೆದ. 20 ರೂಪಾಯಿ. ಅವನ ಅಂಗಡಿ ಮುಂದೆಯೇ ನಿಂತು ಹಾಕಿಕೊಂಡೆ. ಕೋಲ್ಟ್ರೇನ್ ತನ್ನ ಜಾಗದಲ್ಲಿದ್ದ.

ನಾಲ್ಕು ಸ್ಟಾರ್. ಜಾಳಿಗೆ ಕೊಳೆಯಾಗುತ್ತದೆ, ಹೀಗೆ ಉಜ್ಜಿ ತೆಗೆಯಿರಿ ಅಂತ ಡಬ್ಬದಲ್ಲಿ ಒಂದು ಸಾಲು ಬರೆದಿದ್ದರೆ ಐದು ಕೊಡುತ್ತಿದ್ದೆ. ಅಮ್ಮ ಭಾನುವಾರ ಈಗಲೂ ಎಣ್ಣೆ ಬಿಡುತ್ತಾಳೆ. ಹಾಗಾಗಿ ಸೋಮವಾರ ಎಲೆಅಡಿಕೆ ಡಬ್ಬಿ ತೆಗೆಯುವುದಿಲ್ಲ, ಅವತ್ತು ಬಸ್ ಡ್ರೈವರ್ ಹಾಕಿದ್ದೇ ಹಾಡು.