ಟ್ಯೂಬ್, ಟಿಪಿಯು, ಟ್ಯೂಬ್‌ಲೆಸ್: ಜಾಲಿ ಮುಳ್ಳಿನ ಊರಿಂದ ಸ್ಟೇಜ್ ರೇಸಿಗೆ ಹೋಗುವವರಿಗೆ

ನನ್ನ ಓಟು ಟ್ಯೂಬ್‌ಲೆಸ್ ಟೈರಿಗೆ. ಅದು ತಲೆನೋವು ಕೊಡುವುದಿಲ್ಲ ಅಂತಲ್ಲ. ಚೆನ್ನಾಗಿಯೇ ಕೊಡುತ್ತದೆ, ಆ ಕಥೆ ಮುಂದೆ ಇದೆ. ಆದರೂ ಹಲವು ದಿನ ನಡೆಯುವ ಸೈಕಲ್ ರೋಡ್ ರೇಸಿಗೆ, ಅಂದರೆ ಸ್ಟೇಜ್ ರೇಸಿಗೆ, ಕಲಬುರಗಿ, ಬೀದರ್, ಯಾದಗಿರಿ ಕಡೆಯಿಂದ ಯಾರಾದರೂ ತಯಾರಾಗುತ್ತಿದ್ದರೆ ನಾನು ಹೇಳುವುದು ಅದನ್ನೇ. ಮಾಮೂಲಿ ರಬ್ಬರ್ ಟ್ಯೂಬು, ಈಗ ಎಲ್ಲರೂ ಮಾತಾಡುತ್ತಿರುವ, ಪ್ಲಾಸ್ಟಿಕ್ ಜಾತಿಯ ತೆಳು ಟಿಪಿಯು ಟ್ಯೂಬು, ಟ್ಯೂಬ್‌ಲೆಸ್ಸು, ಮೂರನ್ನೂ ಕೈಯಿಂದ ದುಡ್ಡು ಹಾಕಿ ಕೊಂಡಿದ್ದೇನೆ. ಮೂರನ್ನೂ ರೇಸಿನಲ್ಲಿ ಓಡಿಸಿದ್ದೇನೆ. ಅಂಟು ಬಳಿದು ರಿಮ್ಮಿಗೆ ಕೂರಿಸುವ ಟ್ಯೂಬುಲರ್ ಬಗ್ಗೆ ಕೇಳಬೇಡಿ, ಅದನ್ನು ಅಂಟಿಸುವ ತಾಳ್ಮೆ ನನಗಿಲ್ಲ.

ಟೈರಿನ ಬಗ್ಗೆ ಇಷ್ಟು ತಲೆ ಕೆಡಿಸಿಕೊಳ್ಳಬೇಕಾ ಅಂತ ಅನ್ನಿಸಬಹುದು. ಒಂದು ದಿನದ ರೇಸಾದರೆ ಬೇಡ. ಪಂಚರ್ ಆಯಿತಾ, ಆ ದಿನ ಹೋಯಿತು, ಮನೆಗೆ ಬಂದು ಊಟ ಮಾಡಿ ಮಲಗಿದರಾಯಿತು. ಸ್ಟೇಜ್ ರೇಸಿನಲ್ಲಿ ಎಲ್ಲ ದಿನಗಳ ಸಮಯವನ್ನು ಕೂಡಿಸುತ್ತಾರೆ. ಮೊದಲ ದಿನ ಕಳೆದುಕೊಂಡ ನಿಮಿಷ ಕೊನೆಯ ದಿನದವರೆಗೂ ಹೆಸರಿನ ಮುಂದೆ ಕೂತಿರುತ್ತದೆ. ಗುಂಪಿನ ಜೊತೆ ಗೆರೆ ದಾಟಿದರೆ ಗುಂಪಿಗೆಲ್ಲ ಒಂದೇ ಸಮಯ, ಮುಂದಿದ್ದವನಿಗೂ ಬಾಲದಲ್ಲಿದ್ದವನಿಗೂ ಅದೇ. ಹಾಗಾಗಿ ನನ್ನಂಥವನು ಮಾಡಬೇಕಾದ್ದು ಇಷ್ಟೇ: ವಿಜಯಪುರ, ಬಾಗಲಕೋಟೆ ಹುಡುಗರು ಮುಂದೆ ಎಳೆಯುತ್ತಿರುತ್ತಾರೆ, ಅವರ ಹಿಂದೆ ಗಾಳಿ ತಪ್ಪಿಸಿಕೊಂಡು ಅಂಟಿಕೊಂಡಿರುವುದು. ಮುಂದಿನವನ ಚಕ್ರದ ನೆರಳಲ್ಲಿ ಹೋದರೆ ಸುಮಾರು ಮೂರನೇ ಒಂದು ಭಾಗ ಶಕ್ತಿ ಉಳಿಯುತ್ತದೆ. ಟ್ಯೂಬ್ ಬದಲಿಸಲು ಐದು ನಿಮಿಷ ನಿಂತರೆ, 40 ಕಿ.ಮೀ. ವೇಗದಲ್ಲಿ ಹೋಗುತ್ತಿರುವ ಗುಂಪು ಅಷ್ಟರಲ್ಲಿ 3 ಕಿ.ಮೀ. ದಾಟಿರುತ್ತದೆ. ಆಮೇಲೆ ಎದುರುಗಾಳಿಗೆ ಒಬ್ಬನೇ. ದೊಡ್ಡ ರೇಸಿನವರ ಹಿಂದೆ ಚಕ್ರ ಹೊತ್ತ ಕಾರು ಬರುತ್ತದೆ. ನಮ್ಮ ಹಿಂದೆ ಬರುವುದು ಆಂಬ್ಯುಲೆನ್ಸು, ಅದರ ಹಿಂದೆ ಸೋತವರನ್ನು ಹತ್ತಿಸಿಕೊಳ್ಳುವ ಟೆಂಪೋ.

ಇನ್ನು ನಮ್ಮ ರಸ್ತೆ. ಡಾಂಬರು ಈಗ ಎಷ್ಟೋ ವಾಸಿ. ತೊಂದರೆ ಇರುವುದು ಅದರ ಅಂಚಿನಲ್ಲಿ. ಎರಡೂ ಕಡೆ ಬಳ್ಳಾರಿ ಜಾಲಿ. ಯಾರೋ ಒಲೆಗೆ ಕಡಿದು ಎಳೆದುಕೊಂಡು ಹೋದರೆ ಮುಳ್ಳು ರಸ್ತೆ ಮೇಲೆ ಉಳಿಯುತ್ತದೆ. ಮಳೆಗಾಲ ಮುಗಿದ ಮೇಲೆ ನೆಗ್ಗಿಲು ಮುಳ್ಳು. ಶಹಾಬಾದ್ ಕಡೆ ಹೋದರೆ ಫರಸಿ ಕಲ್ಲು ಸಾಗಿಸುವ ಲಾರಿಗಳಿಂದ ಬಿದ್ದ ಚೂರು, ಬ್ಲೇಡಿನಷ್ಟು ಹರಿತ. ತೊಗರಿ ಕೊಯ್ಲಿನ ಹೊತ್ತಿಗೆ ರಾಶಿ ಮಾಡಲು ರಸ್ತೆ ಮೇಲೇ ಹರಡಿರುತ್ತಾರೆ. ಅದರ ಮೇಲೆ ಸೈಕಲ್ ಬಿಟ್ಟರೆ ಒಣ ಕಡ್ಡಿಯ ಚೂಪು ತುದಿ ಟೈರಿಗೆ ಎಲ್ಲಿ ಹೊಕ್ಕಿತು ಅಂತ ಗೊತ್ತಾಗುವುದು ಮರುದಿನ.

ಮಾಮೂಲಿ ಟ್ಯೂಬಿನ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಅಗ್ಗ, ಎಲ್ಲಿ ಬೇಕಾದರೂ ಪ್ಯಾಚ್ ಹಾಕಿಸಬಹುದು, ಗಾಳಿ ದಿನಗಟ್ಟಲೆ ನಿಲ್ಲುತ್ತದೆ. ತೂತು ಬಿದ್ದರೆ ನಿಲ್ಲಲೇಬೇಕು, ಅಷ್ಟೇ ಅದರ ಗುಣ ಅಷ್ಟೇ ಅದರ ದೋಷ. ಇನ್ನೊಂದು, ಗಾಳಿ ಸ್ವಲ್ಪ ಕಡಿಮೆ ಹಾಕಿದರೆ ಗುಂಡಿಗೆ ಬಡಿದಾಗ ರಿಮ್ಮಿಗೂ ಕಲ್ಲಿಗೂ ನಡುವೆ ಟ್ಯೂಬ್ ಸಿಕ್ಕಿ ಒಟ್ಟೊಟ್ಟಿಗೆ ಎರಡು ತೂತು ಬೀಳುತ್ತವೆ. ಆ ಭಯಕ್ಕೆ ಗಟ್ಟಿಯಾಗಿ ಹೊಡೆಸಿಕೊಂಡು ಓಡಿಸುತ್ತೇವೆ. ಹಾಗೆ ಮೂರು ತಾಸು ಕೂತರೆ ಸಂಜೆ ಬೆನ್ನು ಯಾರದೋ ಅನ್ನಿಸುತ್ತದೆ, ಬೆಳಿಗ್ಗೆ ಮತ್ತೆ ಅದೇ ಬೆನ್ನಿನ ಮೇಲೆ ರೇಸು.

ಟಿಪಿಯು ಟ್ಯೂಬಿಗೆ ನಾನು ಮರುಳಾಗಿದ್ದು ತೂಕಕ್ಕೆ. ಮಾಮೂಲಿ ಟ್ಯೂಬು 100 ಗ್ರಾಂ ಆಸುಪಾಸಿದ್ದರೆ ಇದು 40 ಗ್ರಾಂ ಒಳಗೆ. ಮಡಚಿದರೆ ಬೆಂಕಿಪೊಟ್ಟಣದ ಜಾಗ ಸಾಕು. ಎರಡೂ ಚಕ್ರ ಸೇರಿ ಉಳಿದದ್ದು 120 ಗ್ರಾಂ. ಅಷ್ಟು ನೀರನ್ನು ನಾನು ಜೇವರ್ಗಿ ರಸ್ತೆಯಲ್ಲಿ ಒಂದೇ ಸಲಕ್ಕೆ ತಲೆಗೆ ಸುರಿದುಕೊಳ್ಳುತ್ತೇನೆ. ಓಟ ಮಾತ್ರ ನಿಜಕ್ಕೂ ಚುರುಕಾಗಿತ್ತು, ಸುಳ್ಳು ಹೇಳಬಾರದು.

ಮುಳ್ಳು ಹತ್ತಿದ ದಿನ ಅದರ ಬಣ್ಣ ಬಯಲಾಯಿತು. ಪಂಚರ್ ಅಂಗಡಿಗೆ ಒಯ್ದೆ. ಹುಡುಗ ಟ್ಯೂಬನ್ನು ಎತ್ತಿ ಬೆಳಕಿಗೆ ಹಿಡಿದು, "ಇದೇನ್ರೀ ಸರ, ಪ್ಲಾಸ್ಟಿಕ್ ಅದಲ್ಲ?" ಅಂದ. ಅಂದವನೇ ಅಭ್ಯಾಸದಂತೆ ಗಾಳಿ ಹೊಡೆದು ನೀರಿನ ಬುಟ್ಟಿಗೆ ಅದ್ದಲು ಹೋದ. ಟಿಪಿಯು ಟ್ಯೂಬಿಗೆ ಟೈರಿನ ಹೊರಗೆ ಹಾಗೆ ಗಾಳಿ ತುಂಬಬಾರದು. ರಬ್ಬರಿನಂತೆ ಅದು ಮತ್ತೆ ಕುಗ್ಗುವುದಿಲ್ಲ. ನಾನು "ಏ ಏ" ಅನ್ನುವಷ್ಟರಲ್ಲಿ ಶರಣಬಸವೇಶ್ವರ ಜಾತ್ರೆಯ ಬಲೂನಿನಂತೆ ಒಂದು ಕಡೆ ಉಬ್ಬಿಬಿಟ್ಟಿತು. ಗಾಳಿ ಬಿಟ್ಟರೂ ಆ ಭಾಗ ಜೋತು ಬಿತ್ತು. ಉಬ್ಬದಿದ್ದರೂ ಪ್ಯಾಚ್ ಹತ್ತುತ್ತಿರಲಿಲ್ಲ ಬಿಡಿ, ಅಂಗಡಿಯ ಸಲ್ಯೂಷನ್ ರಬ್ಬರಿಗೆ ಮಾತ್ರ. ಇದಕ್ಕೆ ಬೇರೆಯದೇ ಪ್ಯಾಚ್ ಬರುತ್ತದೆ, ಅದನ್ನು ಆನ್‌ಲೈನಲ್ಲಿ ತರಿಸಬೇಕು. ಹುಡುಗನ ಮೇಲೆ ಸಿಟ್ಟೇನೂ ಬರಲಿಲ್ಲ. ಊರಿನ ಯಾವ ಅಂಗಡಿಯವನೂ ರಿಪೇರಿ ಮಾಡಲಾಗದ ವಸ್ತುವನ್ನು ಊರೂರು ತಿರುಗುವ ರೇಸಿಗೆ ಹಾಕಿಕೊಂಡು ಹೋಗುವುದು ನನಗೆ ಆಗಿಬರುವುದಿಲ್ಲ.

ಈಗ ಟ್ಯೂಬ್‌ಲೆಸ್. ಟ್ಯೂಬ್ ಇಲ್ಲ, ಟೈರಿನೊಳಗೆ ಹಾಲಿನ ಬಣ್ಣದ ಸೀಲಂಟ್ ಅನ್ನುವ ದ್ರವ ಇರುತ್ತದೆ. ನನ್ನ 28ರ (28 ಮಿ.ಮೀ. ಅಗಲದ) ಟೈರಿಗೆ ಸುಮಾರು 40 ಮಿ.ಲೀ. ಹಾಕುತ್ತೇನೆ. ಮುಳ್ಳು ಹೊಕ್ಕಾಗ ಅದು ತೂತಿನತ್ತ ನುಗ್ಗಿ ಅಲ್ಲೇ ಗಟ್ಟಿಯಾಗುತ್ತದೆ. ಕಳೆದ ರೇಸಿನ ಮೊದಲ ಸ್ಟೇಜಿನಲ್ಲಿ, ಕಲಬುರಗಿ ಬಿಟ್ಟು ಹುಮನಾಬಾದ್ ಕಡೆ ಹೋಗುವಾಗ, ಹಿಂದಿನ ಚಕ್ರದಿಂದ ಬುಸ್ ಬುಸ್ ಅಂತ ಸದ್ದು. ಹಿಂದಿದ್ದವನ ಕನ್ನಡಕಕ್ಕೆ ಬಿಳಿ ಹನಿ ಸಿಡಿದವು, ಅವನು ಒಂದೆರಡು ಒಳ್ಳೆಯ ಮಾತು ಬೈದ. ಹತ್ತಿಪ್ಪತ್ತು ಸುತ್ತು ತಿರುಗುವಷ್ಟರಲ್ಲಿ ಸದ್ದು ನಿಂತಿತು. ಟೈರ್ ಕೊಂಚ ಮೆತ್ತಗಾಯಿತು, ನಾನು ಗುಂಪಿನಲ್ಲೇ ಉಳಿದೆ. ಬೀದರ್ ಕಲಬುರಗಿಗಿಂತ ಸಾಕಷ್ಟು ಎತ್ತರದಲ್ಲಿದೆ, ಆ ಏರಿನಲ್ಲಿ ಒಬ್ಬನೇ ಸಿಕ್ಕಿಬಿದ್ದಿದ್ದರೆ ಅವತ್ತಿಗೇ ನನ್ನ ಲೆಕ್ಕ ಚುಕ್ತಾ ಆಗಿರುತ್ತಿತ್ತು. ಟ್ಯೂಬ್‌ಲೆಸ್ಸಿಗೆ ಕೊಟ್ಟ ದುಡ್ಡು ಆ ಬುಸ್ ಬುಸ್‌ನಲ್ಲೇ ವಸೂಲಾಯಿತು ಅಂದುಕೊಂಡೆ.

ತಲೆನೋವು ಶುರುವಾಗಿದ್ದು ಅದೇ ಸಂಜೆ, ಬೀದರಿನ ಲಾಡ್ಜಿನಲ್ಲಿ.

ಮುಂದಿನ ಚಕ್ರಕ್ಕೆ ಗಾಳಿ ಹೊಡೆಯೋಣ ಅಂತ ಪಂಪ್ ಹಚ್ಚಿದೆ. ಒಂದೇ ಒತ್ತಿಗೆ ಮೀಟರಿನ ಮುಳ್ಳು 100 ದಾಟಿತು. ಟೈರ್ ಮುಟ್ಟಿದರೆ ಮೆತ್ತಗೆ. ಗಾಳಿ ಒಳಗೆ ಹೋಗುತ್ತಲೇ ಇಲ್ಲ. ಸೀಲಂಟ್ ವಾಲ್ವಿನೊಳಗೆ ಸೇರಿ ಒಣಗಿ ಕೂತಿತ್ತು. ಡಬ್ಬದ ಮೇಲೆ ಎರಡರಿಂದ ಆರು ತಿಂಗಳು ಬಾಳಿಕೆ ಅಂತ ಬರೆದಿರುತ್ತಾರೆ. ಬರೆದವರು ನಮ್ಮ ಏಪ್ರಿಲ್ ನೋಡಿಲ್ಲ. 42 ಡಿಗ್ರಿ ಬಿಸಿಲಿನಲ್ಲಿ, ತಗಡಿನ ಶೀಟಿನ ಕೆಳಗೆ ನಿಂತ ಸೈಕಲ್ಲಿನಲ್ಲಿ ಅದು ಎಷ್ಟು ದಿನ ಹಸಿಯಾಗಿರಬೇಕು?

ವಾಲ್ವಿನ ಒಳತಿರುಳನ್ನು ತಿರುಚಿ ಹೊರಗೆ ತೆಗೆಯಬೇಕು, ಅದಕ್ಕೆ ಚಿಕ್ಕದೊಂದು ಕೀಲಿ ಬರುತ್ತದೆ. ತೆಗೆದರೆ ಪೂರ್ತಿ ರಬ್ಬರಿನ ಗಂಟು. ಲಾಡ್ಜಿನ ಮ್ಯಾನೇಜರ್ ಹತ್ತಿರ ಚೀಲ ಹೊಲಿಯುವ ದಬ್ಬಣ ಇತ್ತು, ಅದರಿಂದ ಕೆದಕಿ ಕೆದಕಿ ಎಳೆದೆ. ಉದ್ದದ ಬಿಳಿ ದಾರ ಬಂದಂತೆ ಬಂತು, ವಾಲ್ವ್ ಸ್ವಚ್ಛವಾಯಿತು. ಆದರೆ ಅಷ್ಟೊತ್ತಿಗೆ ಇದ್ದ ಗಾಳಿಯೂ ಹೋಗಿ, ಟೈರಿನ ಅಂಚು ರಿಮ್ಮಿನಿಂದ ಜಾರಿ ಒಳಗೆ ಬಿದ್ದುಬಿಟ್ಟಿತು. ಟ್ಯೂಬ್‌ಲೆಸ್ಸಿನ ನಿಜವಾದ ಕಾಟ ಇದು. ಅಂಚು ಮತ್ತೆ ಕೂರಬೇಕಾದರೆ ಗಾಳಿ ಒಂದೇ ಸಲಕ್ಕೆ ಜೋರಾಗಿ ನುಗ್ಗಬೇಕು. ಕೈಪಂಪಿನಿಂದ ಹೊಡೆದಷ್ಟೂ ಬದಿಯಿಂದ ಸೋರುತ್ತಿರುತ್ತದೆ. ಕೋಣೆಯ ಪಾರ್ಟ್ನರ್ ಟೈರನ್ನು ಎರಡೂ ಕೈಯಿಂದ ಹಿಡಿದು ಕೂತ, ನಾನು ಪಂಪ್ ಮೇಲೆ ಬಿದ್ದೆ. ರೇಸಿನಲ್ಲಿ ಸುರಿಯದಷ್ಟು ಬೆವರು ಅಲ್ಲಿ ಸುರಿಯಿತು. ನೆಲದ ಮೇಲೆಲ್ಲ ಸೀಲಂಟ್. ಮ್ಯಾನೇಜರ್ ಬಾಗಿಲಲ್ಲಿ ನಿಂತು ಮಾತಾಡದೆ ನೋಡುತ್ತಿದ್ದ, ದಬ್ಬಣವನ್ನು ಮಾತ್ರ ವಾಪಸ್ ಇಸಕೊಂಡ.

ಕೊನೆಗೆ ಚಕ್ರ ಬಿಚ್ಚಿ ಹೆಗಲಿಗೆ ಹಾಕಿಕೊಂಡು ಕಂಪ್ರೆಸರ್ ಇರುವ ಪಂಚರ್ ಅಂಗಡಿ ಹುಡುಕಿಕೊಂಡು ಹೋದೆವು. ಶಟರ್ ಅರ್ಧ ಇಳಿಸಿದ್ದರು. ಅಂಗಡಿ ಚಾಚಾ ಟೈರಿನೊಳಗೆ ಬೆರಳು ಹಾಕಿ ನೋಡಿ, "ಟ್ಯೂಬ್ ಇಲ್ದಂಗ ಸೈಕಲ್ ಹ್ಯಾಂಗ ಓಡ್ತದ್ರೀ?" ಅಂತ ನಕ್ಕರು. ಅವರ ಗನ್ನು ಬೈಕು, ಕಾರಿನ ದಪ್ಪ ವಾಲ್ವಿಗೆ. ನಮ್ಮ ಸಣ್ಣ ವಾಲ್ವಿಗೆ ಹಿತ್ತಾಳೆಯ ಅಡಾಪ್ಟರ್ ತಿರುಗಿಸಿ ಹಾಕಬೇಕು. ಉಗುರಿನಷ್ಟು ಇರುವ, ಐವತ್ತು ರೂಪಾಯಿಯೂ ಬಾಳದ ವಸ್ತು. ಜೇಬಲ್ಲಿತ್ತು, ಪುಣ್ಯಕ್ಕೆ. ಚಾಚಾ ಗನ್ ಒತ್ತಿದರು. ಠಪ್, ಠಪ್ ಅಂತ ಎರಡು ಸದ್ದು ಬಂತು, ಅಂಚು ಕೂತಿತು. ದುಡ್ಡು ಬೇಡ ಅಂದರು, ಚಹಾ ಕುಡಿದು ಬಂದೆವು. ಮರುದಿನ ಒಬ್ಬೊಬ್ಬರನ್ನೇ ಬಿಟ್ಟು ಸಮಯ ನೋಡುವ ಟೈಮ್ ಟ್ರಯಲ್‌ಗೆ ನನ್ನ ಸರದಿ ಬಂದಾಗ ಕಣ್ಣಲ್ಲಿ ಇನ್ನೂ ನಿದ್ದೆ.

ಇಷ್ಟೆಲ್ಲ ಆದರೂ ಟ್ಯೂಬ್‌ಲೆಸ್ಸೇ ಯಾಕೆ ಅಂದರೆ, ಅದರ ಕಾಟ ರಾತ್ರಿ ಲಾಡ್ಜಿನಲ್ಲಿ ಬರುತ್ತದೆ, ಗಡಿಯಾರ ನಿಂತಿರುವಾಗ. ಟ್ಯೂಬಿನ ಕಾಟ ಬರುವುದು ಗುಂಪಿನ ನಡುವೆ, ಗಡಿಯಾರ ಓಡುತ್ತಿರುವಾಗ. ಲಾಡ್ಜಿನಲ್ಲಿ ಎರಡು ತಾಸು ಒದ್ದಾಡಿದರೂ ಫಲಿತಾಂಶದ ಪಟ್ಟಿಯಲ್ಲಿ ಒಂದು ಸೆಕೆಂಡೂ ಏರುವುದಿಲ್ಲ.

ಹಾಗಂತ ಎಲ್ಲರೂ ಹಾಕಿಸಿ ಅನ್ನುವುದಿಲ್ಲ. ಖರ್ಚು ಜಾಸ್ತಿ: ಟೈರೇ ದುಬಾರಿ, ರಿಮ್ ಟ್ಯೂಬ್‌ಲೆಸ್ಸಿಗೆ ಹೊಂದುವಂಥದ್ದಿರಬೇಕು, ಟೇಪು, ವಾಲ್ವು, ಸೀಲಂಟು. ಒಂದು ಜೊತೆ ಟೈರಿನ ದುಡ್ಡಿಗೆ ಮಾಮೂಲಿ ಟ್ಯೂಬು ವರ್ಷಗಟ್ಟಲೆ ಸಾಕಾಗುವಷ್ಟು ಬರುತ್ತವೆ. ಟೈರಿನ ಅಂಚನ್ನು ಹಿಡಿಯುವ ಹುಕ್ ಇಲ್ಲದ ರಿಮ್ ಕೊಂಡರೆ ಗಾಳಿಯ ಒತ್ತಡ 5 ಬಾರ್, ಅಂದರೆ 72.5 ಪಿಎಸ್‌ಐ ದಾಟಬಾರದು, ಮತ್ತು ಎಲ್ಲ ಟೈರೂ ಅದಕ್ಕೆ ಆಗುವುದಿಲ್ಲ. ಮೈಭಾರ ಜಾಸ್ತಿ ಇರುವವರಿಗೆ ಗಾಳಿ ಜಾಸ್ತಿ ಬೇಕು, ಅವರು ಕೊಳ್ಳುವ ಮೊದಲು ಇದನ್ನು ನೋಡಿಕೊಳ್ಳಿ. ಫರಸಿ ಚೂರು ಟೈರನ್ನೇ ಕೊಯ್ದರೆ ಸೀಲಂಟ್ ಏನೂ ಮಾಡುವುದಿಲ್ಲ, ತೂತಿಗೆ ರಬ್ಬರಿನ ಪ್ಲಗ್ ಚುಚ್ಚಬೇಕು, ಅದೂ ಆಗದಿದ್ದರೆ ಒಳಗೆ ಟ್ಯೂಬ್ ಹಾಕಬೇಕು. ಹಾಗಾಗಿ ಸೀಟಿನ ಕೆಳಗಿನ ಚೀಲದಲ್ಲಿ ನನಗೆ ಈಗಲೂ ಒಂದು ಮಾಮೂಲಿ ಟ್ಯೂಬ್ ಇರುತ್ತದೆ. ಟಿಪಿಯು ಅಲ್ಲ, ಜಾಗ ಎಷ್ಟೇ ಉಳಿಯಲಿ.

ನಾನು ನಸುಕಿನ ಐದಕ್ಕೆ ಎದ್ದು ಆಳಂದ ರಸ್ತೆಗೋ ಜೇವರ್ಗಿ ರಸ್ತೆಗೋ ಹೋಗುವವನು, ದಿನಾ ಹೋಗುವವನು. ಸೈಕಲ್ ನಿಂತಲ್ಲೇ ನಿಂತರೆ ಸೀಲಂಟ್ ತಳಕ್ಕೆ ಇಳಿದು ಒಣಗುತ್ತದೆ, ಓಡುತ್ತಿದ್ದರೆ ಅಷ್ಟು ಬೇಗ ಒಣಗುವುದಿಲ್ಲ. ವಾರಕ್ಕೊಮ್ಮೆ, ಅದೂ ಬಿಡುವಾದರೆ, ಸೈಕಲ್ ತೆಗೆಯುವವರಿಗೆ ಇದು ಸುಮ್ನೆ ಕೈಸುಡುವ ವ್ಯವಹಾರ. ಒಳ್ಳೆಯ ದಪ್ಪ ಟೈರು, ಒಳಗೆ ಮಾಮೂಲಿ ಟ್ಯೂಬು ಹಾಕಿಕೊಳ್ಳಿ. ರೇಸಿಗೆ ಮುಂಚೆ ಟೈರಿನ ಮೈಮೇಲೆ ಬೆರಳಾಡಿಸಿ ಕೂತಿರುವ ಮುಳ್ಳು ಕಿತ್ತರೆ ಅರ್ಧ ಕಾಟ ತಪ್ಪುತ್ತದೆ.

ಟ್ಯೂಬ್‌ಲೆಸ್ ಹಾಕಿಸುವವರಿಗೆ ನನ್ನ ಕಡೆಯಿಂದ ಇಷ್ಟು: ಬೇಸಿಗೆಯಲ್ಲಿ ಸೀಲಂಟನ್ನು ತಿಂಗಳಿಗೊಮ್ಮೆ ನೋಡಿ, ಸೈಕಲ್ ನಿಲ್ಲಿಸುವಾಗ ವಾಲ್ವ್ ಮೇಲಕ್ಕೆ ಬರುವಂತೆ ನಿಲ್ಲಿಸಿ, ವಾಲ್ವಿನ ತಿರುಳು ಎರಡು ಜಾಸ್ತಿ ಇಟ್ಟುಕೊಳ್ಳಿ, ಹಿತ್ತಾಳೆ ಅಡಾಪ್ಟರ್ ಮರೆಯಬೇಡಿ. ದಬ್ಬಣ ನಾನೇ ಒಂದು ಕೊಂಡಿದ್ದೇನೆ. ಮುಂದಿನ ಸೀಸನ್ನಿಗೆ 28ರ ಬದಲು 30ರ ಟೈರ್ ಹಾಕುವ ಆಸೆ ಇದೆ, ಇನ್ನೂ ಕಡಿಮೆ ಗಾಳಿಯಲ್ಲಿ ಓಡಿಸಬಹುದು. ನನ್ನ ಫ್ರೇಮಿನಲ್ಲಿ ಹಿಂದಿನ ಚಕ್ರದ ಹತ್ತಿರ ಅಷ್ಟು ಜಾಗ ಇದೆಯಾ ಅಂತ ಮೊದಲು ಅಳೆಯಬೇಕು.