ಬ್ಯಾಟರಿ ಟರ್ಮಿನಲ್‌ಗೆ ಯಾವುದು ಸೈ: ಗ್ರೀಸೋ, ಜೆಲ್ಲಿಯೋ, ಫೆಲ್ಟ್ ವಾಷರೋ?

ಕುಂದಾಪುರದ ಹತ್ತಿರ, ಕಡಲ ಗಾಳಿ ಅಂಗಳಕ್ಕೇ ಬಡಿಯುವ ಊರು ನಮ್ಮದು. ಮನೆಯಲ್ಲಿ ಕಾರು, ಹಳೇ ಜೀಪು, ಟ್ರ್ಯಾಕ್ಟರ್ ಇವೆ. ಮೂರಕ್ಕೂ ನೀರು ಹಾಕುವ ಲೆಡ್ ಆಸಿಡ್ ಬ್ಯಾಟರಿ. ಎರಡು ವರ್ಷದ ಹಿಂದೆ ಜಡಿಮಳೆಯ ಒಂದು ಬೆಳಿಗ್ಗೆ ಅಮ್ಮನನ್ನು ಆಸ್ಪತ್ರೆಗೆ ಕರೆದೊಯ್ಯಬೇಕಿತ್ತು. ಕಾರಿನ ಸೆಲ್ಫ್ ಟಕ್ ಎಂದು ಸುಮ್ಮನಾಯಿತು. ಬಾನೆಟ್ ಎತ್ತಿದರೆ ಪ್ಲಸ್ ಟರ್ಮಿನಲ್ ಮೇಲೆ ಹೂಕೋಸಿನಂತೆ ಉಬ್ಬಿದ ಬಿಳಿ ಪುಡಿ, ಕೇಬಲ್ ಸೇರುವಲ್ಲಿ ನೀಲಿ ಕಿಲುಬು. ಆ ನೀಲಿ ಬೇರೇನಲ್ಲ, ಅಡಿಕೆಗೆ ಹೊಡೆಯುವ ಮೈಲುತುತ್ತವೇ. ಆಸಿಡ್ಡು ಕೇಬಲ್ಲಿನ ತಾಮ್ರವನ್ನು ತಿಂದಾಗ ಹುಟ್ಟುವುದು.

ಅವತ್ತಿನಿಂದ ಮೂರು ಗಾಡಿಗೆ ಮೂರು ಬಗೆ ಮಾಡಿ, ಮರುವರ್ಷ ಅದಲುಬದಲು ಮಾಡಿ ನೋಡಿದ್ದೇನೆ. ಪ್ರತಿ ಸಲವೂ ಮೊದಲು ಮೈನಸ್ ಕಳಚಿ, ನೀರಿನ ಮುಚ್ಚಳಗಳೆಲ್ಲ ಬಿಗಿಯಾಗಿವೆಯೇ ನೋಡಿ, ಬಿಸಿನೀರಿಗೆ ಅಡುಗೆ ಸೋಡಾ ಕಲಸಿ ಸುರಿದು ಹಳೇ ಬ್ರಷ್‌ನಿಂದ ಉಜ್ಜಿದೆ. ಬುರುಗು ನಿಲ್ಲುವವರೆಗೂ ಆಸಿಡ್ ಉಳಿದಿದೆ ಎಂದೇ ಅರ್ಥ. ಸೋಡಾ ನೀರು ಮಾತ್ರ ಒಂದು ಹನಿಯೂ ಬ್ಯಾಟರಿಯೊಳಗೆ ಇಳಿಯಬಾರದು. ಆಮೇಲೆ ಒಳ್ಳೇ ನೀರಲ್ಲಿ ತೊಳೆದು, ಒಣಗಿಸಿ, ಸೀಸ ಹೊಳೆಯುವವರೆಗೆ ಉಪ್ಪುಕಾಗದ ಆಡಿಸಿದೆ.

ತೆಂಗಿನೆಣ್ಣೆ ಹಚ್ಚುವವರಿದ್ದಾರೆ. ಹಚ್ಚಿ ನೋಡಿದೆ, ನಾಲ್ಕೇ ದಿನದಲ್ಲಿ ಧೂಳು ಮೆತ್ತಿತು, ಬಿಟ್ಟೆ.

ಪೆಟ್ರೋಲಿಯಂ ಜೆಲ್ಲಿ ಎಲ್ಲಕ್ಕಿಂತ ಸುಲಭ, ಯಾವ ಅಂಗಡಿಯಲ್ಲೂ ಸಿಗುತ್ತದೆ. ಮಳೆಗಾಲ ಪೂರ್ತಿ ಚೆನ್ನಾಗಿಯೇ ಕಾಯಿತು. ಮಾರ್ಚ್‌ ಬಂದು ಇಂಜಿನ್ ಬಿಸಿ ತಾಗಿದ್ದೇ ಕರಗಿ ಬ್ಯಾಟರಿಯ ಮೈಮೇಲೆ ಇಳಿದಿತ್ತು. ಗ್ರೀಸ್ ಹಾಗೆ ಇಳಿಯಲಿಲ್ಲ, ಟ್ರ್ಯಾಕ್ಟರ್‌ನಲ್ಲಿ ವರ್ಷವಿಡೀ ನಿಂತಿತು. ಆದರೆ ಗದ್ದೆಯ ಮಣ್ಣನ್ನೆಲ್ಲ ಹಿಡಿದುಕೊಂಡಿತು, ಒರೆಸುವುದೇ ಒಂದು ಕೆಲಸ. ಇವೆರಡನ್ನೂ ನಟ್ಟು ಬಿಗಿ ಮಾಡಿದ ಮೇಲೆಯೇ ಹೊರಗಿನಿಂದ ಹಚ್ಚಬೇಕು. ಟರ್ಮಿನಲ್ಲಿನ ಸೀಸಕ್ಕೂ ಕೇಬಲ್ ತುದಿಯ ಕ್ಲಾಂಪಿಗೂ ನಡುವೆ ದಪ್ಪಗೆ ಮೆತ್ತಿದರೆ ಕರೆಂಟಿನ ದಾರಿಗೇ ಅಡ್ಡ.

ಫೆಲ್ಟ್ ವಾಷರ್ ಕೂರುವ ಜಾಗವೇ ಬೇರೆ. ಕ್ಲಾಂಪ್ ಹಾಕುವ ಮೊದಲು ಟರ್ಮಿನಲ್ ಕಂಬದ ಬುಡಕ್ಕೆ ಇಳಿಸುವ, ದಪ್ಪ ಬಟ್ಟೆಯಂಥ ಕೆಂಪು, ಹಸಿರು ಉಂಗುರ ಅದು. ಆಸಿಡ್ ಜಿನುಗುವುದು ಹೆಚ್ಚಾಗಿ ಆ ಬುಡದಲ್ಲೇ. ಮೇಲೆ ಎಷ್ಟು ಹಚ್ಚಿದರೂ ಕೆಳಗಿನಿಂದ ಬರುವುದು ನಿಲ್ಲದು. ಹಾಗಾಗಿ ನನಗೆ ಇದರ ಮೇಲೆಯೇ ಭರವಸೆ ಹೆಚ್ಚು. ಆದರೂ ಜೀಪಿನಲ್ಲಿ ಎರಡೇ ತಿಂಗಳಿಗೆ ಮತ್ತೆ ಬಿಳಿ ಪುಡಿ ಬಂತು. ಮೀಟರ್ ಹಿಡಿದಾಗ ಗೊತ್ತಾಯಿತು: ಇಂಜಿನ್ ಓಡುವಾಗ 14 ವೋಲ್ಟ್ ಆಸುಪಾಸು ಇರಬೇಕಾದಲ್ಲಿ 15.2. ಚಾರ್ಜ್ ಹೆಚ್ಚಾಗಿ ಬ್ಯಾಟರಿ ಕುದಿದು, ಗ್ಯಾಸಿನ ಜೊತೆ ಆಸಿಡ್ಡನ್ನೂ ಹೊರಗೆ ಕಾರುತ್ತಿತ್ತು. ಪದೇಪದೇ ನೀರು ಕಡಿಮೆಯಾಗುತ್ತಿದ್ದುದೂ ಅದಕ್ಕೇ. ಚಾರ್ಜಿನ ವೋಲ್ಟೇಜನ್ನು ಹತೋಟಿಯಲ್ಲಿಡುವ ರೆಗ್ಯುಲೇಟರ್ ಬದಲಿಸಿದ ಮೇಲೆ ಅದೇ ಫೆಲ್ಟ್ ಹದಿಮೂರು ತಿಂಗಳು ಬಂದಿದೆ, ಕೇಬಲ್ಲಿನ ಕಡೆ ನೀಲಿ ಸುಳಿದಿಲ್ಲ.

ಈಗ ಕಾರಿಗೂ ಜೀಪಿಗೂ ಬುಡಕ್ಕೆ ಫೆಲ್ಟ್, ಮೇಲೆ ತೆಳ್ಳಗೆ ಗ್ರೀಸ್. ಟ್ರ್ಯಾಕ್ಟರಿನದು ಇನ್ನೂ ಬರೀ ಗ್ರೀಸಿನಲ್ಲೇ ಇದೆ. ಆಯುಧಪೂಜೆಗೆ ತೊಳೆಯುವಾಗ ಅದಕ್ಕೂ ಉಂಗುರ ಇಳಿಸುತ್ತೇನೆ.